ಕೆಂಚನ ಎಡ ಹೆಗಲು

ನಮ್ಮ ದೊಡ್ಡಮ್ಮನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬೀದಿಗೆಲ್ಲ ಅವಳು ಸೂಜಿಯಕ್ಕ. ಚರ್ಮ ಹೊಲಿಯುವವಳಲ್ಲವೆ, ಅದಕ್ಕೇ ಆ ಹೆಸರು ಎಂದು ಹೊಸಬರು ತಿಳಿಯುತ್ತಿದ್ದರು. ಅಸಲು ಸಂಗತಿ ಬೇರೆ. ಐದು ವರ್ಷದ ಹುಡುಗಿಯಾಗಿದ್ದಾಗಲೇ ಅವಳು ಒಂದು ಕಡೆ ಕೂರುತ್ತಿರಲಿಲ್ಲವಂತೆ. "ಇಲ್ಲಿ ಮುಳುಗಿ ಅಲ್ಲಿ ಏಳ್ತಾಳೆ, ಇವಳು ಮಗಳಲ್ಲ, ಸೂಜಿ" ಎಂದು ಅವಳ ಅಪ್ಪ, ಅಂದರೆ ನನ್ನ ತಾತ, ಇಟ್ಟ ಹೆಸರು ಅದು. ಐವತ್ತೈದು ದಾಟಿದರೂ ಅವಳು ಹಾಗೆಯೇ ಇದ್ದಳು. ಕಾಫಿ ಕುಡಿಯುವಾಗಲೂ ಲೋಟ ಹಿಡಿದುಕೊಂಡು ಅಂಗಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ಓಡಾಡುತ್ತಿದ್ದಳು. ದೊಡ್ಡಪ್ಪ ಬಸ್ ಕಂಡಕ್ಟರ್. "ಬಸ್ಸೆಲ್ಲಾ ಖಾಲಿ ಇದ್ರೂ ನಿಂತ್ಕೊಂಡೇ ಬರೋ ಪ್ಯಾಸೆಂಜರು ಇಡೀ ರೂಟಲ್ಲಿ ಒಬ್ಬಳೇ ಇದ್ದಳು. ಅವಳನ್ನೇ ಹುಡುಕಿ ಹುಡುಕಿ ಕಟ್ಕೊಂಡೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ನನಗೆ ಆ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ಆರು ವರ್ಷ ಅವರ ಮನೆಯಲ್ಲೇ ಇದ್ದೆ. ಆದ್ದರಿಂದ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ಅವಳ ಬಾಯಿಂದಲೇ ಕೇಳಿದ್ದು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಒಂದು ಕಿಟಕಿ, ಅದರ ಕೆಳಗೆ ತಾತನ ಕಾಲದ ಮರದ ಮೇಜು, ಗೋಡೆಯ ಮೊಳೆಗಳಿಗೆ ತೂಗಿದ ಚರ್ಮದ ಪಟ್ಟಿಗಳು, ಮೂಲೆಯಲ್ಲಿ ಹುಲ್ಲಿನ ಹೊರೆ. ಅವಳು ಮಾಡುತ್ತಿದ್ದದ್ದು ಮುಖ್ಯವಾಗಿ ಬಂಡಿ ಕುದುರೆಗಳ ಕೊರಳಪಟ್ಟಿ. ನೋಡದವರಿಗೆ ಹೇಳಬೇಕೆಂದರೆ, ಅದು ತೊಡೆಯಷ್ಟು ದಪ್ಪದ ಒಂದು ಚರ್ಮದ ಬಳೆ. ಒಳಗೆ ಹುಲ್ಲು ಗಿಡಿದು ತುಂಬಿರುತ್ತದೆ. ಕುದುರೆಯ ಕುತ್ತಿಗೆಯ ಬುಡದಲ್ಲಿ, ಹೆಗಲಿಗೆ ಒರಗಿಕೊಂಡು ಕೂರುತ್ತದೆ. ಬಂಡಿಯ ಭಾರವೆಲ್ಲ ಅದಕ್ಕೆ ಬೀಳುತ್ತದೆ, ಅದರಿಂದ ಹೆಗಲಿಗೆ. ಊರಿನಲ್ಲಿ ಕುದುರೆಗಳು ಕಡಿಮೆಯಾಗಿದ್ದವು, ಆದರೆ ಮುಗಿದುಹೋಗಿರಲಿಲ್ಲ. ಲಾರಿ ತಿರುಗದ ಓಣಿಗಳಿದ್ದ ಮರದ ಅಡ್ಡೆ, ತರಕಾರಿ ಮಾರುಕಟ್ಟೆ, ಊರಾಚೆಯ ಇಟ್ಟಿಗೆ ಗೂಡು, ಇಲ್ಲೆಲ್ಲ ಇನ್ನೂ ಕುದುರೆಗಳೇ ದುಡಿಯುತ್ತಿದ್ದವು. ಅವುಗಳ ಮೈಮೇಲಿನ ಹೊಲಿಗೆಯೆಲ್ಲ ಅವಳ ಕೈಯದೇ.

ಪಟ್ಟಿಗೆ ತುಂಬುವ ಹುಲ್ಲು ಉದ್ದವಾಗಿರಬೇಕು. ಮೊಣಕೈಯಿಂದ ಬೆರಳ ತುದಿಯವರೆಗಾದರೂ ಬರಬೇಕು. ಹಿಡಿ ಹಿಡಿಯಾಗಿ, ಒಂದೇ ದಿಕ್ಕಿಗೆ ಮಲಗಿಸಿ, ಕಬ್ಬಿಣದ ಸಲಾಕೆಯಿಂದ ತುರುಕುತ್ತಾ ಹೋಗಬೇಕು. ಹಾಗೆ ತುಂಬಿದ ಪಟ್ಟಿ ಬೆವರು ಕುಡಿದರೂ, ಮಳೆ ಕುಡಿದರೂ ಆಕಾರ ಬಿಡುವುದಿಲ್ಲ. ಆದರೆ ಒಂದು ವರ್ಷ ಸುತ್ತಲ ಹೊಲಗಳಿಗೆಲ್ಲ ಕಟಾವು ಯಂತ್ರ ಬಂತು. ಯಂತ್ರ ಕೊಯ್ದ ಹುಲ್ಲು ಬೆರಳುದ್ದದ ಚೂರುಚೂರು. ಉದ್ದ ಹುಲ್ಲಿಗಾಗಿ ಅವಳು ಎರಡು ವಾರ ಅಲೆದಳು. ಇತ್ತ ಪಟ್ಟಿ ಕೇಳಿದವರು ಬಾಗಿಲಿಗೆ ಬರುತ್ತಲೇ ಇದ್ದರು. ಕೊನೆಗೆ ಚೂರು ಹುಲ್ಲನ್ನೇ ಗಿಡಿದು ಒಂಬತ್ತು ಪಟ್ಟಿ ಮಾಡಿ ಕೊಟ್ಟಳು. ತುಂಬುವಾಗಲೇ ಕೈಗೆ ಸರಿಬರಲಿಲ್ಲವಂತೆ. "ನಡೆಯುತ್ತೆ ಬಿಡು ಅಂದ್ಕೊಂಡೆ ಕಣೇ" ಎಂದು ಅವಳು ಆಮೇಲೆ ನನ್ನ ಹತ್ತಿರ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಒಂದು ಮಧ್ಯಾಹ್ನ ಮರದ ಅಡ್ಡೆಯಲ್ಲಿ ಯಾರದೋ ಲಗಾಮು ಹರಿದಿದೆಯೆಂದು ಕರೆ ಬಂತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಅಲ್ಲಿ ಗೊಣಗಣ್ಣ ತನ್ನ ಕೆಂಚನನ್ನು ಖಾಲಿ ಬಂಡಿಗೆ ಕಟ್ಟಿ ನಿಲ್ಲಿಸಿದ್ದ. ಗೊಣಗಣ್ಣ ಅರವತ್ತು ದಾಟಿದ ಬಂಡಿಯವನು. ಬಿಸಿಲಿಗೂ ಗೊಣಗುತ್ತಾನೆ, ನೆರಳಿಗೂ ಗೊಣಗುತ್ತಾನೆ ಎಂದು ಆ ಹೆಸರು. ಕೆಂಚ ಅವನ ಕೆಂಪು ಕುದುರೆ. ಹನ್ನೆರಡು ವರ್ಷದಿಂದ ಅವರಿಬ್ಬರೂ ದಿಮ್ಮಿ ಎಳೆಯುತ್ತಿದ್ದರು.

"ಕುಂಟುತ್ತಾ ಇದೆಯಲ್ಲಣ್ಣಾ?" ಎಂದಳು ದೊಡ್ಡಮ್ಮ.

"ಕುಂಟ್ದೆ ಏನು ಕುಣಿಯುತ್ತಾ? ಹೋದ ತಿಂಗಳು ಇಳಿಜಾರಲ್ಲಿ ಕಾಲು ಜಾರ್ತು. ಡಾಕ್ಟ್ರು ಬಂದು ಗೊರಸು ಕೆರೆದು ನೋಡಿದ್ರು, ಮುಲಾಮು ಕೊಟ್ರು. ವಯಸ್ಸಾಯ್ತು ಅಂದ್ರು. ಅವರಿಗೇನು, ನನಗೂ ವಯಸ್ಸಾಯ್ತು, ನಾನೇನು ಮುಲಾಮು ಹಚ್ಕೊಂಡು ಕೂತಿದೀನಾ?"

ಅವಳು ಅವನ ಮಾತು ಕೇಳುತ್ತಿರಲಿಲ್ಲ. ಅವಳ ಕಣ್ಣು ಕೆಂಚನ ಎಡ ಹೆಗಲಿನ ಮೇಲಿತ್ತು. ಕುದುರೆಯ ಹೆಗಲಿನಲ್ಲಿ ಒಂದು ಅಗಲವಾದ ಹಲಗೆಯಂಥ ಎಲುಬಿದೆ. ಅದರ ನಡುವೆ ಮೇಲಿಂದ ಕೆಳಗೆ ಒಂದು ಏಣು, ಉಬ್ಬಿದ ಗೆರೆಯಂಥದ್ದು, ಹಾದುಹೋಗುತ್ತದೆ. ಚೆನ್ನಾಗಿರುವ ಕುದುರೆಯಲ್ಲಿ ಆ ಏಣು ಕಾಣುವುದೇ ಇಲ್ಲ. ಎರಡೂ ಪಕ್ಕದಲ್ಲಿ ತುಂಬಿದ ಮಾಂಸ ಅದನ್ನು ಮುಚ್ಚಿರುತ್ತದೆ. ಕೆಂಚನಲ್ಲಿ ಅದು ಒದ್ದೆ ಬಟ್ಟೆಯ ಕೆಳಗೆ ಇಟ್ಟ ಕೋಲಿನ ಹಾಗೆ ಎದ್ದು ಕಾಣುತ್ತಿತ್ತು. ಅದರ ಹಿಂದೆಯೂ ಮುಂದೆಯೂ ತಗ್ಗು. ಗೊಣಗಣ್ಣ ಹಗ್ಗ ಹಿಡಿದು ಎರಡು ಹೆಜ್ಜೆ ನಡೆಸಿದ. ಎಡಗಾಲಿಗೆ ಭಾರ ಬಿದ್ದಾಗಲೆಲ್ಲ ಹೆಗಲಿನ ಗೆಣ್ಣು ಹೊರಗೆ ಚಿಮ್ಮಿ ಮತ್ತೆ ಒಳಗೆ ಹೋಗುತ್ತಿತ್ತು.

ಅವಳು ಹತ್ತಿರ ಹೋಗಿ ಕೊರಳಪಟ್ಟಿಗೂ ಹೆಗಲಿಗೂ ನಡುವೆ ಕೈ ತೂರಿಸಿದಳು. ಪಟ್ಟಿ ಆ ಒಂಬತ್ತರಲ್ಲಿ ಒಂದು. ಮೇಲ್ಭಾಗ ಜಾಳಾಗಿ ಬಿಟ್ಟುಹೋಗಿತ್ತು. ಚೂರು ಹುಲ್ಲೆಲ್ಲ ಬೆವರಿಗೆ ನೆನೆದು, ಜಾರಿ, ನಡುವೆ ಒಂದು ಕಡೆ ಗಂಟು ಕಟ್ಟಿತ್ತು. ನಿಂಬೆಹಣ್ಣಿನ ಗಾತ್ರ, ಕಲ್ಲಿನಂತೆ ಗಟ್ಟಿ. ಅದನ್ನು ಅವಳು ಗೊಣಗಣ್ಣನಿಗೆ ಹೇಳಲಿಲ್ಲ. ಲಗಾಮು ಹೊಲಿದು ಕೊಟ್ಟು, ಚೀಲ ಎತ್ತಿಕೊಂಡು ಮನೆಗೆ ಬಂದುಬಿಟ್ಟಳು.

ಮರುದಿನದಿಂದ ಅವಳ ಓಡಾಟದ ರೀತಿಯೇ ಬದಲಾಯಿತು. ಮೊದಲು ಕೆಲಸಕ್ಕಾಗಿ ಓಡಾಡುತ್ತಿದ್ದವಳು ಈಗ ಕೆಲಸ ಬಿಟ್ಟು ಓಡಾಡತೊಡಗಿದಳು. ಮೇಜಿನ ಮುಂದೆ ಕೂತು ದಬ್ಬಣಕ್ಕೆ ದಾರ ಪೋಣಿಸುವುದು, ಎರಡು ಹೊಲಿಗೆ ಹಾಕುವುದು, ಎದ್ದುಬಿಡುವುದು. ಒಲೆಯ ಮೇಲೆ ಹಾಲಿಟ್ಟು ಬೀದಿ ಬಾಗಿಲಿಗೆ ಬಂದು ನಿಲ್ಲುವುದು, ಹಾಲು ಉಕ್ಕಿ ಹರಿಯುವುದು. ರಸ್ತೆಯಲ್ಲಿ ಗೊರಸಿನ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಕಿಟಕಿಗೆ ಓಡುತ್ತಿದ್ದಳು. ಹೋಗುವ ಕುದುರೆಯ ಹೆಗಲನ್ನು ಕಣ್ಣು ಕೀಲಿಸಿ ನೋಡುತ್ತಿದ್ದಳು. ಒಮ್ಮೆ ತರಕಾರಿ ಬಂಡಿಯೊಂದರ ಪಕ್ಕದಲ್ಲಿ ಕುದುರೆಯ ಹೆಗಲ ಮೇಲೆ ಅಂಗೈ ಊರಿಕೊಂಡು ಇಡೀ ಬೀದಿ ನಡೆದುಹೋದಳಂತೆ. ಬಂಡಿಯವನು ಗಾಬರಿಯಾಗಿ ದೊಡ್ಡಪ್ಪನಿಗೆ ಹೇಳಿಕಳಿಸಿದ್ದ.

"ಏನಾಗಿದೆಯೇ ನಿನಗೆ? ಮೈ ಸರಿ ಇಲ್ವಾ?" ಎಂದು ದೊಡ್ಡಪ್ಪ ಕೇಳಿದ.

"ನನಗೇನಾಗಿದೆ, ಗುಂಡುಕಲ್ಲಿನ ಹಾಗೆ ಇದೀನಿ."

"ಗುಂಡುಕಲ್ಲು ಒಂದು ಕಡೆ ಇರುತ್ತೆ ಮಾರಾಯ್ತಿ."

ಅವಳು ನಗಲಿಲ್ಲ. ಆಗಲೇ ನಮಗಿಬ್ಬರಿಗೂ ಇದು ಸಣ್ಣ ವಿಷಯವಲ್ಲ ಎಂದು ಗೊತ್ತಾದದ್ದು. ನಾಲ್ಕನೆಯ ದಿನ ಸಂಜೆ, ನಾನು ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಾಗ, ಹಿತ್ತಿಲಲ್ಲಿ ನಿಂತುಕೊಂಡೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಯಾರೂ ನನ್ನ ಬೈತಾ ಇಲ್ಲ, ಅದೇ ನನಗೆ ತಡೆಯೋಕಾಗ್ತಿಲ್ಲ. ಕಾಲು ಜಾರಿದ್ದು ಅಂತ ಅವನು ಅಂದ್ಕೊಂಡಿದ್ದಾನೆ. ಜಾರಿದ್ದೇ ಇರಬಹುದು. ಆದರೆ ಆ ಗಂಟು ನನ್ನ ಬೆರಳಲ್ಲೇ ಕೂತ್ಕೊಂಡಿದೆ."

"ಗೊತ್ತಿರೋರನ್ನ ಕೇಳೋಣ" ಎಂದೆ. ನನ್ನ ಸಹೋದ್ಯೋಗಿಯೊಬ್ಬರ ಅಕ್ಕ ಪಶುವೈದ್ಯ ಕಾಲೇಜಿನಲ್ಲಿ ಪ್ರಾಣಿಗಳ ದೇಹರಚನೆ ಕಲಿಸುತ್ತಿದ್ದರು. ಕಾಲೇಜು ಎರಡು ಬಸ್ ಬದಲಿಸುವಷ್ಟು ದೂರ. ಶನಿವಾರ ಇಬ್ಬರೂ ಹೋದೆವು. ಎರಡೂ ಬಸ್ಸಿನಲ್ಲಿ ಸೀಟಿತ್ತು. ನಾನು ಕೂತೆ.

ಆ ಮೇಡಂ ಗಿಡ್ಡ ಕೂದಲಿನ, ತೋಳು ಮಡಿಸಿದ ಬಿಳಿ ಕೋಟಿನ ಹೆಂಗಸು. ನಮ್ಮನ್ನು ಉದ್ದನೆಯ ಒಂದು ಹಾಲಿಗೆ ಕರೆದುಕೊಂಡು ಹೋದರು. ಕಲ್ಲಿನ ಮೇಜುಗಳು, ಕಣ್ಣು ಉರಿಸುವ ಔಷಧಿ ವಾಸನೆ. ಒಂದು ಮೇಜಿನ ಮೇಲೆ, ಸತ್ತ ಕುದುರೆಯ ಎದೆಯ ಒಂದು ಪಕ್ಕವನ್ನು ಮುಂಗಾಲಿನ ಸಮೇತ ಚರ್ಮ ಬಿಡಿಸಿ ಇಟ್ಟಿದ್ದರು. ನಾನು ಮೂಗಿಗೆ ಬಟ್ಟೆ ಹಿಡಿದೆ. ದೊಡ್ಡಮ್ಮ ಮೇಜಿನ ಸುತ್ತ ಒಂದು ಸುತ್ತು ಬಂದಳು. ನಲವತ್ತು ವರ್ಷ ಹೊರಗಿನಿಂದ ತಡವಿದ್ದನ್ನು ಅವಳು ಮೊದಲ ಸಲ ಒಳಗಿನಿಂದ ನೋಡುತ್ತಿದ್ದಳು.

"ನಿಮ್ಮ ಕುತ್ತಿಗೆ ಕೆಳಗೆ ಅಡ್ಡಡ್ಡ ಒಂದು ಎಲುಬಿದೆ, ಮುಟ್ಟಿ ನೋಡ್ಕೊಳ್ಳಿ" ಎಂದರು ಮೇಡಂ. "ಅದು ನಮ್ಮ ತೋಳನ್ನ ಎದೆಗೂಡಿಗೆ ಸೇರಿಸಿ ಇಟ್ಟಿರುತ್ತೆ. ಕುದುರೆಗೆ ಆ ಎಲುಬೇ ಇಲ್ಲ."

"ಮತ್ತೆ ಕಾಲು ಮೈಗೆ ಹೇಗೆ ಅಂಟ್ಕೊಂಡಿದೆ?"

"ಬರೀ ಮಾಂಸಖಂಡದಿಂದ. ಮುಂಗಾಲಿನ ಎಲುಬು ಮೈಯ ಎಲುಬಿಗೆ ಎಲ್ಲೂ ಕೂಡೋದಿಲ್ಲ." ಅವರು ಹೆಗಲ ಹಲಗೆಯನ್ನು ಸ್ವಲ್ಪ ಎತ್ತಿ ಹಿಡಿದರು. ಅದರ ಒಳಮೈಯಿಂದ ಬೀಸಣಿಗೆಯಂತೆ ಹರಡಿದ ಒಂದು ದಪ್ಪ ಮಾಂಸಖಂಡ ಪಕ್ಕೆಲುಬುಗಳಿಗೆ ಬೆರಳು ಬೆರಳಾಗಿ ಕಚ್ಚಿಕೊಂಡಿತ್ತು. "ಈ ಕಡೆ ಒಂದು, ಆ ಕಡೆ ಒಂದು. ಎರಡು ಕಂಬಕ್ಕೆ ಜೋಲಿ ಕಟ್ಟಿದ ಹಾಗೆ. ಅಷ್ಟು ದೊಡ್ಡ ಎದೆ ಈ ಜೋಲಿಯಲ್ಲಿ ತೂಗ್ತಾ ಇರುತ್ತೆ. ಅದಕ್ಕೇ ಕುದುರೆ ನೆಗೆದು ನೆಲಕ್ಕೆ ಬಿದ್ದಾಗ ಪೆಟ್ಟು ಮೈಗೆ ತಗಲೋದು ಕಡಿಮೆ."

ಆಮೇಲೆ ಅವರು ಕಾಲನ್ನು ಹಿಡಿದು ಮುಂದಕ್ಕೆ ಎಳೆಯಲು ದೊಡ್ಡಮ್ಮನಿಗೇ ಹೇಳಿದರು. ಅವಳು ಎಳೆದಳು. ಹಲಗೆಯ ಕೆಳತುದಿ ಮುಂದೆ ಬಂತು, ಮೇಲ್ತುದಿ ಒಂದು ಗೇಣಿನ ಹತ್ತಿರ ಹಿಂದಕ್ಕೆ ಜಾರಿತು. ಹಿಂದೆ ತಳ್ಳಿದಳು. ಮೇಲ್ತುದಿ ಮುಂದೆ ಬಂತು. ತಲೆಯ ಹಿಂಭಾಗದಿಂದ ಇಳಿದು ಬರುವ ಉದ್ದನೆಯ ಖಂಡ ಕಾಲನ್ನು ಮುಂದಕ್ಕೆ ಸೆಳೆಯುತ್ತದೆ, ಬೆನ್ನಿನಿಂದ ಬರುವ ಅಗಲ ಖಂಡ ಹಿಂದಕ್ಕೆ ಸೆಳೆಯುತ್ತದೆ ಎಂದು ಮೇಡಂ ಒಂದೊಂದನ್ನೇ ಚಿಮಟದಿಂದ ಎತ್ತಿ ತೋರಿಸಿದರು. ದೊಡ್ಡಮ್ಮ ಐದಾರು ಸಲ ಎಳೆದು ತಳ್ಳಿ ಮಾಡಿದಳು. "ನಾನು ಯಾವಾಗಲೂ ಕುದುರೆಯನ್ನ ನಿಲ್ಲಿಸಿ ಅಳತೆ ತಗೊಳ್ತೀನಿ" ಎಂದಳು, ಯಾರಿಗೆಂದಿಲ್ಲದೆ.

ಅವಳು ಕೇಳಲು ಬಂದದ್ದು ಆ ಏಣಿನ ಎರಡು ಪಕ್ಕದ ಮಾಂಸದ ಬಗ್ಗೆ. ಮೇಡಂ ಅದನ್ನೂ ತೋರಿಸಿದರು. ಏಣಿನ ಮುಂದೊಂದು, ಹಿಂದೊಂದು, ತೊಟ್ಟಿ ತುಂಬಿದಂತೆ ಕೂತ ಎರಡು ಖಂಡಗಳು. ಬೇರೆ ಕೀಲುಗಳನ್ನು ಪಕ್ಕಗಳಲ್ಲಿ ಬಿಗಿದಿಡಲು ಗಟ್ಟಿ ನಾರುಗಳಿರುತ್ತವೆ, ಹೆಗಲ ಕೀಲಿನ ಹೊರಪಕ್ಕಕ್ಕೆ ಅಂಥದ್ದಿಲ್ಲ. ಈ ಎರಡೇ ಅದನ್ನು ಹಿಡಿದಿಡುವುದು. ಎರಡಕ್ಕೂ ಜೀವ ಕೊಡುವ ನರ ಒಂದೇ. ಬಳಪದ ಕಡ್ಡಿಗಿಂತ ತೆಳುವಾದ ಬಿಳಿಯ ನರ, ಹಲಗೆಯ ಮುಂದಿನ ಅಂಚನ್ನು ಸುತ್ತಿಕೊಂಡು ಹೊರಗೆ ಬರುತ್ತದೆ. ಅಲ್ಲಿ ಅದರ ಬೆನ್ನಿಗೆ ಬರೀ ಎಲುಬು.

"ನಿಮ್ಮ ಪಟ್ಟಿ ಎಲ್ಲಿ ಕೂರುತ್ತೆ, ಬೆರಳಿಟ್ಟು ತೋರಿಸಿ" ಎಂದರು ಮೇಡಂ.

ದೊಡ್ಡಮ್ಮ ಬೆರಳಿಟ್ಟಳು. ಬೆರಳು ಆ ನರದ ಮೇಲೇ ಇತ್ತು.

ಬೆರಳು ತೆಗೆಯದೆಯೇ ಅವಳು ಕೇಳಿದಳು, "ಹಾಗಾದ್ರೆ ನನ್ನ ಪಟ್ಟಿಯಿಂದಲೇ ಆಗಿದ್ದು ಅಲ್ವಾ ಮೇಡಂ?"

"ಇರಬಹುದು. ನರ ನಜ್ಜಿದ್ರೆ ಎರಡು ಮೂರು ವಾರಕ್ಕೇ ಮಾಂಸ ಕರಗುತ್ತೆ. ಆದ್ರೆ ಕಾಲು ಹಿಂದಕ್ಕೆ ಜಾರಿ ಹೆಗಲು ಜಗ್ಗಿದ್ರೂ ಇದೇ ನರ ಎಳೆದುಹೋಗುತ್ತೆ, ಹೀಗೇ ಆಗುತ್ತೆ."

"ಯಾವುದು ಅಂತ ಹೇಳೋಕೆ ಬರಲ್ವಾ?"

"ಯಾರಿಗೂ ಬರಲ್ಲಮ್ಮಾ. ಮೊದಲು ಆ ಪಟ್ಟಿ ತೆಗೆಸಿ. ಬಂಡಿ ಬಿಡಿಸಿ. ನರ ಪೂರ್ತಿ ಸತ್ತಿಲ್ಲ ಅಂದ್ರೆ ಮಾಂಸ ವಾಪಸ್ ಬರುತ್ತೆ. ಆರು ತಿಂಗಳಾಗಬಹುದು. ಬರದೇನೂ ಇರಬಹುದು."

ತಪ್ಪು ನಿನ್ನದು ಎಂದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ. ನಿನ್ನದಲ್ಲ ಎಂದಿದ್ದರೆ ಮನೆಗೆ ಬಂದು ನಿದ್ದೆ ಮಾಡುತ್ತಿದ್ದಳು. ಎರಡೂ ಸಿಗದೆ ಹಿಂದಿರುಗಿದ್ದು ಅವಳನ್ನು ಇನ್ನಷ್ಟು ಕಂಗೆಡಿಸಿತು. ಬಸ್ಸಿಳಿದವಳು ಮನೆಯ ಕಡೆ ತಿರುಗಲಿಲ್ಲ. ನೇರ ಮರದ ಅಡ್ಡೆಗೆ ಹೆಜ್ಜೆ ಹಾಕಿದಳು. ನಾನು ಹಿಂದೆ ಓಡಿದೆ.

ಗೊಣಗಣ್ಣ ಲಾಯದ ಬಾಗಿಲಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ. ದೊಡ್ಡಮ್ಮ ಸುತ್ತಿಬಳಸಲಿಲ್ಲ. ಪಟ್ಟಿಯನ್ನು ಗೂಟದಿಂದ ತೆಗೆದು, ಅವನ ಕೈ ಹಿಡಿದು, ಅವನ ಬೆರಳನ್ನೇ ಆ ಗಂಟಿನ ಮೇಲೆ ಒತ್ತಿಸಿದಳು. ಚೂರು ಹುಲ್ಲಿನ ವಿಷಯ, ನರದ ವಿಷಯ, ಮೇಡಂ ಹೇಳಿದ್ದು ಎಲ್ಲ ಹೇಳಿದಳು. "ನನಗೆ ಆವತ್ತೇ ಗೊತ್ತಾಯ್ತಣ್ಣ. ಹೇಳೋಕೆ ಬಾಯಿ ಬರಲಿಲ್ಲ. ಒಂದು ವಾರ ಸುಮ್ಮನಿದ್ದೆ."

ಗೊಣಗಣ್ಣ ಗೊಣಗಲಿಲ್ಲ. ಎದ್ದು ಬಕೆಟ್ಟನ್ನು ಒದ್ದ. ಅದು ಉರುಳಿಕೊಂಡು ಅಂಗಳದಾಚೆ ಹೋಯಿತು.

"ಒಂದು ವಾರ! ಈ ಒಂದು ವಾರ ಇದೇ ಪಟ್ಟಿ ಹಾಕಿ ಇವನ ಕೈಲಿ ನಾನು ಕೆಲಸ ಮಾಡಿಸಿದೀನಲ್ಲಮ್ಮಾ! ನಿಮ್ಮಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ದ."

"ಮುರೀಬೇಕಾಗಿತ್ತು" ಎಂದಳು ಅವಳು.

ಅವನು ಕೆಂಚನ ಪಕ್ಕಕ್ಕೆ ಹೋಗಿ ನಿಂತ. ನಮಗೆ ಬೆನ್ನು ಮಾಡಿಕೊಂಡೇ ಮಾತಾಡಿದ. ದನಿ ಇಳಿದಿತ್ತು. "ಆವತ್ತು ಇಳಿಜಾರಲ್ಲಿ ಇವನು ಬರಲ್ಲ ಅಂತ ನಿಂತ. ನೆಲ ಒದ್ದೆ ಇತ್ತು. ನಾನು ಚಾವಟಿ ತಗೊಂಡೆ. ಹನ್ನೆರಡು ವರ್ಷದಲ್ಲಿ ತಗೊಂಡವನಲ್ಲ. ಎರಡೇಟು ಹೊಡೆದೆ, ನುಗ್ಗಿದ, ಜಾರಿದ. ಡಾಕ್ಟ್ರಿಗೂ ಇದನ್ನ ಹೇಳಲಿಲ್ಲ."

ಅಲ್ಲಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಯಬೇಕಾದವರು ಯಾರು, ಬೈಸಿಕೊಳ್ಳಬೇಕಾದವರು ಯಾರು ಎಂದು ಗೊತ್ತಾಗದ ಹಾಗಾಗಿತ್ತು. ಕೆಂಚ ಗೋಡೆಗೆ ಮುಖ ತಿಕ್ಕಿಕೊಳ್ಳುತ್ತಿದ್ದ. ಕೊನೆಗೆ ಗೊಣಗಣ್ಣನೇ "ಏನು ಮಾಡಬೇಕು ಹೇಳು" ಎಂದ. ಅಂದಿನಿಂದ ಕೆಂಚನಿಗೆ ಬಂಡಿ ಬಿಡಿಸಿದ. ಅಡ್ಡೆಯ ಕೆಲಸಕ್ಕೆ ತನ್ನ ಭಾವಮೈದುನನ ಹೆಣ್ಣುಕುದುರೆಯನ್ನು ಕೇಳಿ ತಂದ.

ಆದರೆ ಅವಳಿಗೆ ಇನ್ನೂ ಎಂಟು ಪಟ್ಟಿಗಳ ಲೆಕ್ಕವಿತ್ತು.

ಅವುಗಳನ್ನು ಹುಡುಕಲು ಅವಳು ಮೂರು ವಾರ ತಿರುಗಿದಳು. ಬೆಳಗ್ಗೆ ದೊಡ್ಡಪ್ಪನ ಮೊದಲ ಬಸ್ಸಿಗೇ ಹತ್ತುತ್ತಿದ್ದಳು. ಪಟ್ಟಿಗಳು ಮೂರು ದಿಕ್ಕಿಗೆ ಹಂಚಿಹೋಗಿದ್ದವು. ಸಿಕ್ಕಿದ್ದನ್ನು ಅಲ್ಲೇ ಬಿಚ್ಚಿ ನೋಡುತ್ತಿದ್ದಳು. ಮನೆಯಲ್ಲಿ ಉಳಿದಿದ್ದ, ತಾತ ತುಂಬಿದ್ದ ಹಳೆಯ ಪಟ್ಟಿಗಳನ್ನು ರಿಪೇರಿ ಮಾಡಿ ಬದಲಿಗೆ ಕೊಟ್ಟು ಬರುತ್ತಿದ್ದಳು. ಮಾರುಕಟ್ಟೆಯವರು ಮೂವರು ನಗುತ್ತಲೇ ಕೊಟ್ಟರು. "ಮಾರಿದ ಮಾಲು ಮನೆ ಬಾಗಿಲಿಗೆ ಬಂದು ವಾಪಸ್ ಕೇಳೋ ಅಂಗಡಿಯವಳನ್ನ ಇವತ್ತೇ ನೋಡಿದ್ದು" ಎಂದ ಅವರಲ್ಲೊಬ್ಬ. ಆ ಮೂರರಲ್ಲಿ ಎರಡರಲ್ಲಿ ಗಂಟು ಕಟ್ಟಲು ಶುರುವಾಗಿತ್ತು. ಕುದುರೆಗಳಿಗೆ ಇನ್ನೂ ಏನೂ ಆಗಿರಲಿಲ್ಲ.

ಇಟ್ಟಿಗೆ ಗೂಡಿನ ಮೇಸ್ತ್ರಿ ಮಾತ್ರ ಜಗ್ಗಲಿಲ್ಲ. ಅವನ ಹತ್ತಿರ ನಾಲ್ಕಿದ್ದವು.

"ಚೆನ್ನಾಗಿವೆ. ಯಾಕೆ ಕೊಡ್ಲಿ? ನೀನು ಹಳೇದು ಕೊಟ್ಟು ಹೊಸದು ಹೊಡ್ಕೊಂಡು ಹೋಗೋ ಪ್ಲಾನಾ?"

"ಒಳಗೆ ಗಂಟಿದೆ ಸ್ವಾಮಿ, ಕೈ ಹಾಕಿ ನೋಡಿ."

"ನಾನು ಯಾಕೆ ನೋಡ್ಲಿ? ಕುದುರೆ ದೂರು ಕೊಟ್ಟಿದೆಯಾ?"

ಸುತ್ತ ನಿಂತಿದ್ದವರು ನಕ್ಕರು. ದೊಡ್ಡಮ್ಮ ಚೀಲದಿಂದ ಚರ್ಮ ಕೊಯ್ಯುವ ಚೂರಿ ತೆಗೆದಳು. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅವನ ಕಡೆ ನೋಡಲೇ ಇಲ್ಲ. ಗೋಡೆಗೆ ಒರಗಿಸಿದ್ದ ನಾಲ್ಕು ಪಟ್ಟಿಗಳ ಹೊಲಿಗೆಯನ್ನೂ ಮೇಲಿಂದ ಕೆಳಗೆ ಸರ್ರನೆ ಸೀಳಿಬಿಟ್ಟಳು. ಕಪ್ಪಾದ ಚೂರು ಹುಲ್ಲು ಗೊಬ್ಬರದ ಹಾಗೆ ನೆಲಕ್ಕೆ ಸುರಿಯಿತು. ಜೊತೆಗೆ ಮೂರು ಗಂಟುಗಳು ಉರುಳಿ ಬಿದ್ದವು. ಅವಳು ಒಂದನ್ನು ಎತ್ತಿ ಮೇಸ್ತ್ರಿಯ ಅಂಗೈಯಲ್ಲಿಟ್ಟು, "ಇದನ್ನ ನಿಮ್ಮ ಬೂಟಿನೊಳಗೆ ಹಾಕ್ಕೊಂಡು ಸಂಜೆವರೆಗೂ ಓಡಾಡಿ. ಆಮೇಲೆ ದೂರು ಯಾರು ಕೊಡ್ತಾರೆ ನೋಡೋಣ" ಎಂದಳು. ಮೇಸ್ತ್ರಿ ಕೂಗಾಡಿದ, ಪೊಲೀಸು ಎಂದ. ಆದರೆ ಅವಳು ತಂದಿದ್ದ ಹಳೆಯ ಪಟ್ಟಿಗಳನ್ನು ಹಾಕಿಸದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಅವಳೇ ನಿಂತು ನಾಲ್ಕು ಕುದುರೆಗಳಿಗೂ ಹೊಂದಿಸಿ ಕಟ್ಟಿ ಬಂದಳು. ಮನೆಗೆ ಬಂದು ಚೀಲವನ್ನೂ ಇಳಿಸದೆ ನಮಗೆ ಇದನ್ನು ಹೇಳಿದಳು. ದೊಡ್ಡಪ್ಪ ಅವಳ ಮುಂದೆ ನೀರಿಟ್ಟು, "ಇನ್ನು ಮೇಲೆ ನಿನ್ನ ಹತ್ತಿರ ಟಿಕೆಟ್ ಕೇಳೋಕೆ ನನಗೇ ಭಯ" ಎಂದ. ಆಗ ಅವಳು ನಕ್ಕಳು. ಎಷ್ಟೋ ವಾರಗಳ ಮೇಲೆ ನಕ್ಕದ್ದು.

ಉಳಿದ ಒಂದು ಪಟ್ಟಿ ಸಿಗಲೇ ಇಲ್ಲ. ಅದನ್ನು ಕೊಂಡವನು ದಾರಿಯಲ್ಲಿ ಹೋಗುತ್ತಿದ್ದ ಕುದುರೆ ವ್ಯಾಪಾರಿ. ಕಂದು ಟೋಪಿ, ಎಡಗೈ ಕಿರುಬೆರಳಿಲ್ಲ, ಅಷ್ಟೇ ಅವಳಿಗೆ ನೆನಪಿದ್ದದ್ದು. ಲಾರಿ ಡ್ರೈವರುಗಳಿಗೆ ಹೇಳಿದಳು, ಸಂತೆಗಳಲ್ಲಿ ವಿಚಾರಿಸಿದಳು, ದೊಡ್ಡಪ್ಪನ ಕಡೆಯಿಂದ ಬೇರೆ ರೂಟಿನ ಕಂಡಕ್ಟರುಗಳಿಗೆಲ್ಲ ಹೇಳಿಸಿದಳು. ಯಾವುದೋ ಊರಿನಲ್ಲಿ ಯಾವುದೋ ಕುದುರೆ ಆ ಪಟ್ಟಿ ಹೊತ್ತು ನಡೆಯುತ್ತಿರಬಹುದು ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ಊಟದ ನಡುವೆ ಥಟ್ಟನೆ ತುತ್ತು ನಿಲ್ಲಿಸುತ್ತಿದ್ದಳು. ಏಕೆಂದು ನಾವು ಕೇಳುತ್ತಿರಲಿಲ್ಲ.

ಈ ನಡುವೆ ಪ್ರತಿದಿನ ಬೆಳಗ್ಗೆ, ಬಸ್ಸು ಹಿಡಿಯುವ ದಿನಗಳಲ್ಲಿ ಅದಕ್ಕೂ ಮೊದಲೇ, ಅವಳು ಕೆಂಚನ ಹತ್ತಿರ ಹೋಗುತ್ತಿದ್ದಳು. ಗೊಣಗಣ್ಣ ಅವನನ್ನು ಸಪಾಟು ನೆಲದಲ್ಲಿ ನಿಧಾನವಾಗಿ ನಡೆಸುತ್ತಿದ್ದ. ಆಮೇಲೆ ಅವಳು ಆ ಏಣಿನ ಎರಡೂ ಪಕ್ಕ ಅಂಗೈಯಿಂದ ತಿಕ್ಕುತ್ತಿದ್ದಳು. ಮೊದಲ ತಿಂಗಳು ಏನೂ ಇಲ್ಲ. ಎರಡನೆಯ ತಿಂಗಳು ತಗ್ಗು ಇನ್ನೂ ಆಳವಾದಂತೆ ಕಂಡಿತು. "ಬರಲ್ಲ ಬಿಡು. ಸತ್ತಿದ್ದು ಸತ್ತಿತು" ಎಂದು ಗೊಣಗಣ್ಣ ಕೈಚೆಲ್ಲಿದ. ಮೂರನೆಯ ತಿಂಗಳು ಅವನು ಅವಳ ಜೊತೆ ಮಾತು ಬಿಟ್ಟ. ಇವಳು ಹೋಗುವುದು, ಅವನು ಮುಖ ತಿರುಗಿಸಿಕೊಂಡು ಹಗ್ಗ ಕೈಗೆ ಕೊಡುವುದು, ಇವಳು ತಿಕ್ಕುವುದು, ಹಗ್ಗ ಹಿಂದೆ ಕೊಟ್ಟು ಬರುವುದು. ಒಬ್ಬರೂ ಒಂದು ದಿನವೂ ತಪ್ಪಿಸಲಿಲ್ಲ.

ನಾಲ್ಕನೆಯ ತಿಂಗಳ ಕೊನೆಯಲ್ಲಿ ಒಂದು ಬೆಳಗ್ಗೆ ಅವಳ ಅಂಗೈ ಕೆಳಗೆ ಏನೋ ಮಿಸುಕಿತು. ಏಣಿನ ಹಿಂದಿನ ತಗ್ಗಿನಲ್ಲಿ, ನೊಣ ಕೂತಾಗ ಚರ್ಮ ಅದುರುತ್ತದಲ್ಲ, ಅಂಥದ್ದಲ್ಲ, ಅದಕ್ಕಿಂತ ಒಳಗಿನದು. ಅವಳು ಅಂಗೈ ತೆಗೆಯದೆ ಗೊಣಗಣ್ಣನ ಕಡೆ ತಿರುಗಿದಳು. "ಒಂದು ಹೆಜ್ಜೆ ಮುಂದೆ ನಡೆಸಣ್ಣ." ಅವನು ನಡೆಸಿದ. ಕಾಲಿಗೆ ಭಾರ ಬಿದ್ದ ಕೂಡಲೇ ಮತ್ತೆ ಮಿಸುಕಿತು. ಅವಳು ಅವನ ಕೈಯನ್ನು ಎಳೆದು ಅಲ್ಲಿಟ್ಟಳು.

"ನಿನ್ನ ಕೈ ನಡುಕ ಇರಬೇಕು ಅದು" ಎಂದ ಗೊಣಗಣ್ಣ.

"ಈಗ ಇರೋದು ನಿನ್ನ ಕೈ."

ಅವನು ಮತ್ತೆ ಮತ್ತೆ ನಡೆಸಿದ, ಮತ್ತೆ ಮತ್ತೆ ಮುಟ್ಟಿದ. ಆಮೇಲೆ ಅಡ್ಡೆಯಲ್ಲಿದ್ದವರನ್ನೆಲ್ಲ ಕರೆದು ಮುಟ್ಟಿಸಿದ. ಅರ್ಧಕ್ಕರ್ಧ ಜನಕ್ಕೆ ಏನೂ ಗೊತ್ತಾಗಲಿಲ್ಲ, ಆದರೂ ಹೌದು ಹೌದು ಎಂದರು.

ಪೂರ್ತಿ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಏಣಿನ ಹಿಂದಿನ ತಗ್ಗು ವರ್ಷದೊಳಗೆ ಮುಕ್ಕಾಲು ತುಂಬಿತು, ಮುಂದಿನದು ಅರ್ಧವೂ ತುಂಬಲಿಲ್ಲ. ಹೆಗಲು ಹೊರಗೆ ಚಿಮ್ಮುವುದು ನಿಂತಿತು. ಕೆಂಚ ದಿಮ್ಮಿ ಎಳೆಯುವ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ದೊಡ್ಡಮ್ಮ ಅವನಿಗೆ ಕೊರಳಪಟ್ಟಿಯ ಬದಲು ಎದೆಗೆ ಅಡ್ಡ ಬರುವ ಅಗಲ ಪಟ್ಟಿ ಹೊಲಿದುಕೊಟ್ಟಳು. ಅದು ನರದ ಜಾಗಕ್ಕೆ ತಾಕದಂತೆ ಕೆಳಗೆ ಕೂರುತ್ತಿತ್ತು. ಅದರಲ್ಲಿ ಅವನು ಎರಡು ವರ್ಷ ಗರಗಸದ ಹೊಟ್ಟು ತುಂಬಿದ ಹಗುರ ಬಂಡಿ ಎಳೆದ. ಆಮೇಲೆ ಗೊಣಗಣ್ಣನ ತಂಗಿಯ ಹೊಲದಲ್ಲಿ ಮೇಯ್ದುಕೊಂಡಿದ್ದು, ಒಂದು ಚಳಿಗಾಲ ಮಲಗಿದವನು ಏಳಲಿಲ್ಲ. ಸುದ್ದಿ ಹೇಳಲು ಗೊಣಗಣ್ಣ ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತ. ದೊಡ್ಡಮ್ಮ ಕುರ್ಚಿ ಎಳೆದು ಹಾಕಿದಳು. ಇಬ್ಬರೂ ಬಹಳ ಹೊತ್ತು ಹವೆಯ ಬಗ್ಗೆ, ಮರದ ಬೆಲೆಯ ಬಗ್ಗೆ ಮಾತಾಡಿದರು.

ಆ ವರ್ಷದಿಂದಾಚೆಗೆ ಅವಳು ಅರ್ಧ ಎಕರೆ ಇದ್ದ ಒಬ್ಬ ರೈತನ ಮನೆಗೆ ಹೋಗಿ, ಕುಡುಗೋಲಿನಿಂದಲೇ ಕೊಯ್ದ ಹುಲ್ಲು ಬೇಕೆಂದು ಹಟ ಹಿಡಿದು ಒಪ್ಪಿಸಿದಳು. ಕೊಯ್ಲಿಗೆ ತಾನೂ ಹೋಗಿ ಬಗ್ಗುತ್ತಿದ್ದಳು. ಅಳತೆಯ ಕ್ರಮವನ್ನೂ ಬದಲಾಯಿಸಿದಳು. ಕುದುರೆಯನ್ನು ನಡೆಸಿ, ಏರಿನಲ್ಲಿ ಎಳೆಸಿ, ಪಕ್ಕದಲ್ಲಿ ತಾನೂ ಏದುಸಿರು ಬಿಡುತ್ತಾ ನಡೆದು, ಹೆಗಲ ಹಲಗೆಯ ತುದಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಒಂದು ಅಳತೆಗೆ ಅರ್ಧ ದಿನ ಹಿಡಿಯುತ್ತಿತ್ತು. ಕೆಲವರು ಬೇಸತ್ತು ಬೇರೆ ಊರಿನಿಂದ ಸಿದ್ಧ ಪಟ್ಟಿ ತರಿಸಿಕೊಂಡರು. ಅವಳು ತಡೆಯಲಿಲ್ಲ.

ಕಾಲೇಜಿನ ಮೇಡಂ ಅವಳನ್ನು ವರ್ಷಕ್ಕೊಮ್ಮೆ ಕರೆಸಿ ವಿದ್ಯಾರ್ಥಿಗಳ ಮುಂದೆ ನಿಲ್ಲಿಸುತ್ತಿದ್ದರು. ಅವಳು ಆ ಮೇಜಿನ ಸುತ್ತ ಸುತ್ತುತ್ತಾ, ಸೀಳಿದ ಪಟ್ಟಿಯೊಂದನ್ನು ತೋರಿಸಿ ನಡೆದದ್ದನ್ನು ಹೇಳುತ್ತಿದ್ದಳು. ಒಂದು ಸಲ ನಾನೂ ಹೋಗಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಹಾಗಾದ್ರೆ ಕೊನೆಗೆ ಅದು ಪಟ್ಟಿಯಿಂದ ಆಗಿದ್ದಾ, ಜಾರಿದ್ರಿಂದ ಆಗಿದ್ದಾ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ" ಎಂದಳು ದೊಡ್ಡಮ್ಮ. "ಗೊತ್ತಾಗಲೂ ಇಲ್ಲ. ನೀನು ಡಾಕ್ಟರಾದ ಮೇಲೆ ಗೊರಸು ನೋಡು, ಬೇಡ ಅನ್ನಲ್ಲ. ಆದ್ರೆ ಪಟ್ಟಿಯೊಳಗೂ ಒಂದು ಸಲ ಕೈ ಹಾಕು."

ಈಗ ಅವಳಿಗೆ ಅರವತ್ನಾಲ್ಕು. ಮೊಣಕಾಲು ಹಿಡಿದುಕೊಂಡಿದೆ, ಡಾಕ್ಟರು ಕೂತಿರಿ ಎಂದಿದ್ದಾರೆ. ಹೋದ ವಾರ ನಾನು ಹೋದಾಗ ಬೀದಿಯಲ್ಲಿ ಎಳೆಯ ಹೆಣ್ಣುಕುದುರೆಯೊಂದು ನಿಂತಿತ್ತು. ಅದರ ಒಡೆಯ ಹಗ್ಗ ಹಿಡಿದುಕೊಂಡು, ಒಂದು ಗಳಿಗೆ ಅಲುಗಾಡದೆ ನಿಲ್ಲುವುದಿಲ್ಲ ಎಂದು ಕ್ಷಮೆ ಕೇಳುತ್ತಿದ್ದ. ದೊಡ್ಡಮ್ಮ ಸೀಮೆಸುಣ್ಣ ಕೈಯಲ್ಲಿ ಹಿಡಿದು, ಕುಂಟುತ್ತಾ ಮೆಟ್ಟಿಲಿಳಿಯುತ್ತಿದ್ದಳು.

"ನಿಲ್ಲೋದು ಬೇಡ ಬಿಡಪ್ಪಾ" ಎಂದಳು. "ನಡೆಸ್ಕೊಂಡು ಹೋಗು, ನಾನು ಬರ್ತೀನಿ."